ಬೈಗುಳಕ್ಕೂ ಒಂದು ಎಲ್ಲೆಯಿದ್ದಿತು

ಇಂದು ನಾಲಗೆಯ ತುದಿಗೆ ಅನಾಯಾಸವಾಗಿ ಬಂದುಬಿಡುವ ಬೈಗುಳಕ್ಕೆ ಒಂದು ಕಾಲದಲ್ಲಿ ನಿಯತವಾದ ಋತುವೇ ಇದ್ದಿತೆಂಬುದನ್ನು ಬಲ್ಲಿರಾ?

ಉತ್ತರ ಕರ್ನಾಟಕದ ಊರುಗಳಲ್ಲಿ ಹೋಳಿಹುಣ್ಣಿಮೆ ಬಂದಿತೆಂದರೆ, ಹಲಗೆಯ ಸದ್ದಿನ ನಡುವೆ ಬಾಯಿ ಬಡಿದುಕೊಂಡು ಬೊಬ್ಬೆಯಿಡುತ್ತ, ವರ್ಷವೆಲ್ಲ ಅದುಮಿಟ್ಟ ಅಶ್ಲೀಲವಚನಗಳನ್ನು ಹೊರಗೆಡಹಲು ಸಮಾಜವೇ ಸಮ್ಮತಿಸುತ್ತಿದ್ದಿತು. ಕಾಮದಹನವು ಮುಗಿದು ಬಣ್ಣವು ತೊಳೆದುಹೋದೊಡನೆ ಆ ಮಾತುಗಳೂ ಅಡಗುತ್ತಿದ್ದುವು.

ಆ ಎಲ್ಲೆಯು ಈಗ ಅಳಿಸಿಹೋಗುತ್ತಿದೆ. 1952ರ ಚಲನಚಿತ್ರ ಕಾಯಿದೆಯಂತೆ ಚಿತ್ರಮಂದಿರದ ಸಿನಿಮಾ ಪ್ರಮಾಣಪತ್ರವನ್ನು ಪಡೆಯಲೇಬೇಕಾದುದರಿಂದ ಅಲ್ಲಿ ಬೈಗುಳವು ಮೂಕವಾಗುವುದುಂಟು. ಒಟಿಟಿ ಸರಣಿಗಳಿಗಾದರೋ 2021ರ ನಿಯಮಗಳು ವಯೋಮಾನದ ವರ್ಗೀಕರಣವನ್ನು ವಿಧಿಸಿದುವೇ ಹೊರತು ಪೂರ್ವಪರಿಶೀಲನೆಯನ್ನಲ್ಲ. ಹೀಗೆ ಮನೆಯೊಳಕ್ಕೆ ಬಂದ ಮಾತು ಮಕ್ಕಳ ಕಿವಿಗೆ ಬಿದ್ದು, ಆಟದ ಬಯಲಿನಲ್ಲಿ ಸ್ನೇಹದ ಸಂಬೋಧನೆಯೇ ಆಗಿಬಿಡುತ್ತದೆ.

ನನ್ನನ್ನು ನೋಯಿಸುವುದು ಕೇವಲ ಅಶ್ಲೀಲತೆಯಲ್ಲ: ಜಗಳವು ಇಬ್ಬರು ಗಂಡಸರದಾದರೂ, ಪೆಟ್ಟು ಬೀಳುವುದು ಅಲ್ಲಿಲ್ಲದ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ, ಇಲ್ಲವೆ ಒಂದು ಜಾತಿಯ ಹೆಸರಿನ ಮೇಲೆ. ಕೋಪವು ಮನುಷ್ಯಸಹಜವಾದುದು, ಆದರೆ ಮುಂದೊಮ್ಮೆ ಅದು ನಾಲಗೆಗೇರಿದಾಗ, ನಾವಾಡಲಿರುವ ಮಾತು ಯಾವ ನಿರಪರಾಧಿಯನ್ನು ಅವಮಾನಿಸುವುದೆಂದು ಒಂದು ಕ್ಷಣ ಆಲೋಚಿಸೋಣ.