ಮರಿ ಆಮೆಯ ಮನೆ ಮತ್ತು ಮೇವು

ಕನ್ನಡದಲ್ಲಿ 'ಆಮೆ' ಎಂಬ ಒಂದೇ ಶಬ್ದವು ನೆಲದ ಮೇಲೆ ನಡೆಯುವ ಪ್ರಾಣಿಗೂ ನೀರಿನಲ್ಲಿ ಈಜುವ ಪ್ರಾಣಿಗೂ ಸಲ್ಲುತ್ತದೆ. ಮರಾಠಿಯ 'ಕಾಸವ' ಶಬ್ದವೂ ಹಾಗೆಯೇ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಶಾಲೆಯ ಮಗುವು ಮನೆಯಲ್ಲಿ ಒಂದು ಶಬ್ದವನ್ನೂ ಸಂತೆಯಲ್ಲಿ ಇನ್ನೊಂದನ್ನೂ ಬಳಸಿದರೂ ಎರಡರಲ್ಲಿಯೂ ಈ ಭೇದ ತೋರುವುದಿಲ್ಲ. ಇದರ ಫಲವನ್ನು ಮರಿ ಆಮೆಯೇ ಅನುಭವಿಸಬೇಕಾಗುತ್ತದೆ. ಸಿಕ್ಕಿದ ಮರಿ ಯಾವುದಾದರೂ ಸರಿ, ಅದನ್ನು ಬಕೆಟ್ಟಿನ ನೀರಿಗೆ ಬಿಟ್ಟು ನಾಲ್ಕು ಅನ್ನದ ಅಗುಳು ಹಾಕಿದರೆ ಸಾಕೆಂದು ಮಕ್ಕಳು ತಿಳಿಯುತ್ತಾರೆ. ನೆಲಾಮೆಯ ಮರಿಗೆ ಈಜು ಬಾರದು. ಅದು ಮುಳುಗಿ ಸಾಯುತ್ತದೆ. ಆದ್ದರಿಂದ ಪರಿಸರ ಅಭ್ಯಾಸದ ಪಾಠದಲ್ಲಿ ನೆಲಾಮೆ, ನೀರಾಮೆ, ಕಡಲಾಮೆ ಎಂಬ ಮೂರು ಶಬ್ದಗಳನ್ನು ಮೊದಲು ಬೇರ್ಪಡಿಸಿ ಹೇಳುವುದು ಲೇಸು.

ಗುರುತು ಕಾಲಿನಲ್ಲಿದೆ. ನೆಲಾಮೆಯ ಕಾಲು ಆನೆಯ ಕಾಲಿನಂತೆ ಕಂಬದ ಆಕಾರದ್ದು, ಬೆರಳುಗಳು ಬಿಡಿಯಾಗಿ ಕಾಣುವುದಿಲ್ಲ. ನೀರಾಮೆಯ ಬೆರಳುಗಳ ನಡುವೆ ತೊಗಲಿನ ಪೊರೆಯಿರುತ್ತದೆ. ಗೋದಾವರಿ ಕೊಳ್ಳದ ಕೆರೆ, ಹಳ್ಳ, ಬಾವಿಗಳಲ್ಲಿ ಕಾಣುವ ಮೆತ್ತನೆಯ ಚಿಪ್ಪಿನ ಆಮೆ ಈ ಎರಡನೆಯ ಬಗೆಯದು. ಕೆರೆ ಬತ್ತಿದಾಗ ಅದು ಕೆಸರಿನೊಳಗೆ ಹುದುಗಿ ತಿಂಗಳುಗಟ್ಟಲೆ ಮಳೆಯ ದಾರಿ ಕಾಯಬಲ್ಲದು. ಹೂಳು ತೆಗೆಯುವಾಗ ಸಿಕ್ಕಿದ ಇಂಥ ಆಮೆ ದಿಕ್ಕಿಲ್ಲದ ಪ್ರಾಣಿಯಲ್ಲ, ಅದು ತನ್ನ ಮನೆಯಲ್ಲಿಯೇ ಇತ್ತು ಎಂಬುದನ್ನು ಮಕ್ಕಳಿಗೆ ಮನಗಾಣಿಸಬೇಕು.

ಸಾಕುವ ಆಸೆಗೆ ಹೆಚ್ಚಾಗಿ ಬಲಿಯಾಗುವುದು ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಕಿರಣಗಳಿರುವ ಈ ನೆಲಾಮೆಯ ನೆಲೆ ಭಾರತದ ವಾಯವ್ಯ ಭಾಗ, ದಕ್ಷಿಣದ ಒಣಭೂಮಿ ಮತ್ತು ಶ್ರೀಲಂಕಾ. ಅದು ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಯೂ ಅದರ ಕಳ್ಳವ್ಯಾಪಾರವನ್ನು ಬೆಳೆಸಿದೆ. ಭಾರತದ ಒಂದೇ ಸಂಗ್ರಹ ಪ್ರದೇಶದಿಂದ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗಿತ್ತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. 2019ರಲ್ಲಿ ಇದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇದು ಮೊದಲನೆಯ ಅನುಸೂಚಿಯಲ್ಲಿದೆ; ಮೇಲೆ ಹೇಳಿದ ಮೆತ್ತನೆಯ ಚಿಪ್ಪಿನ ಆಮೆಯೂ ಅಲ್ಲಿಯೇ ಇದೆ. ಇವನ್ನು ಮನೆಯಲ್ಲಿಯಾಗಲಿ ಶಾಲೆಯಲ್ಲಿಯಾಗಲಿ ಇಟ್ಟುಕೊಳ್ಳುವುದು ಅಪರಾಧ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆ ವಾಸ ಮತ್ತು ದಂಡ.

ಹಾಗಾದರೆ ಮನೆ, ಮೇವುಗಳ ವಿಚಾರವೇಕೆ? ಎರಡು ಕಾರಣಗಳಿವೆ. ಸಿಕ್ಕಿದ ಮರಿಯು ಅರಣ್ಯ ಇಲಾಖೆಯವರ ಕೈಸೇರುವವರೆಗೆ, ಕೆಲವೊಮ್ಮೆ ಒಂದೆರಡು ದಿನ, ಬದುಕಿರಬೇಕು. ಅಲ್ಲದೆ ನಗರದ ಅಂಗಡಿಗಳಿಂದ ಆಫ್ರಿಕಾ ಮೂಲದ ಸಲ್ಕಾಟಾ ನೆಲಾಮೆಯಂಥ ಪರದೇಶದ ಮರಿಗಳನ್ನು ಕೊಂಡು ತಂದ ಮನೆಗಳೂ ಇರುತ್ತವೆ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಉಮರ್ಗಾಕ್ಕೆ ಇಂಥ ಅಂಗಡಿಗಳು ದೂರವಲ್ಲ. ಸಲ್ಕಾಟಾ ಸಾಕುವವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಅಂಗೈಯಲ್ಲಿ ಹಿಡಿಸುವ ಆ ಮರಿ ಬೆಳೆದಾಗ 40 ಕಿಲೋ ಮೀರುವುದುಂಟು ಎಂಬ ಮಾತನ್ನು ಅಂಗಡಿಯವನು ಹೇಳುವುದು ವಿರಳ.

ನೆಲಾಮೆಯ ಮರಿಗೆ ಗಾಜಿನ ತೊಟ್ಟಿ ತಕ್ಕ ಮನೆಯಲ್ಲ. ಗಾಜಿನಾಚೆಗೆ ದಾರಿಯಿದೆಯೆಂದು ಭ್ರಮಿಸಿ ಅದು ದಿನವಿಡೀ ಗೋಡೆಯನ್ನು ಕೆರೆಯುತ್ತದೆ. ಬಿಸಿಲಿಗಿಟ್ಟರೆ ಒಳಗೆ ಬೆಂದುಹೋಗುತ್ತದೆ. ಬದಿಗಳು ಕಾಣದಂತಿರುವ ಅಗಲವಾದ ಮರದ ಪೆಟ್ಟಿಗೆ ಇದಕ್ಕಿಂತ ಮೇಲು. ಈ ಭಾಗದ ಮನೆಗಳ ಶಹಾಬಾದಿ ಫರಸಿಯ ಮೇಲೆ ಮರಿಯನ್ನು ಬಿಡುವುದೂ ತಪ್ಪು. ನುಣುಪಾದ ಕಲ್ಲಿನ ಮೇಲೆ ಕಾಲು ಜಾರಿ ಅಡ್ಡಡ್ಡ ಬೆಳೆಯುತ್ತದೆ. ಪೆಟ್ಟಿಗೆಯ ತಳದಲ್ಲಿ ನಾಲ್ಕು ಬೆರಳು ದಪ್ಪ ಮಣ್ಣು ಹರಡಿ, ಒಂದು ಮೂಲೆಯನ್ನು ಸದಾ ತುಸು ತೇವವಾಗಿಟ್ಟು, ಅದರ ಮೇಲೆ ಒಡೆದ ಮಡಕೆಯ ಅರ್ಧವನ್ನು ಕವಚಿಟ್ಟರೆ ಅಡಗುದಾಣವಾಗುತ್ತದೆ. ತೇವದ ಮಹತ್ವವನ್ನು ಬಹುಕಾಲ ಯಾರೂ ಅರಿತಿರಲಿಲ್ಲ. ಚಿಪ್ಪಿನ ಫಲಕಗಳು ಗೋಪುರದಂತೆ ಉಬ್ಬುವುದಕ್ಕೆ ಹೆಚ್ಚಿನ ಪ್ರೋಟೀನೇ ಕಾರಣವೆಂದು ನಂಬಲಾಗಿತ್ತು. ಸಲ್ಕಾಟಾ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವು, ಒಣಗಾಳಿಯೇ ಅದಕ್ಕಿಂತ ದೊಡ್ಡ ಕಾರಣವೆಂದು ತೋರಿಸಿತು. (ನಕ್ಷತ್ರ ಆಮೆಯ ಚಿಪ್ಪಿನಲ್ಲಿ ಅಲ್ಪ ಉಬ್ಬು ಸಹಜವೇ.)

ಬಿಸಿಲಿನ ವಿಷಯದಲ್ಲಿ ಎಚ್ಚರ ಬೇಕು. ಸೂರ್ಯನ ಅತಿನೇರಳೆ ಕಿರಣ ತೊಗಲಿನ ಮೇಲೆ ಬಿದ್ದಾಗ ದೇಹದಲ್ಲಿ ಡಿ ಜೀವಸತ್ವ ಉಂಟಾಗುತ್ತದೆ, ಅದರಿಂದಲೇ ಮೇವಿನ ಸುಣ್ಣದ ಅಂಶ ಚಿಪ್ಪಿಗೂ ಎಲುಬಿಗೂ ಸೇರುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಈ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದ ಒಳಮನೆಯಲ್ಲಿ ಬೆಳೆದ ಮರಿಯ ಚಿಪ್ಪು ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಕೆಲವೇ ದಿನಗಳ ಮರಿಯಲ್ಲಿ ಕೊಂಚ ಮೆದು ಇರುವುದುಂಟು, ಬೆಳೆದ ಮರಿಯಲ್ಲಿ ಅದು ರೋಗ. ಮುಂಜಾನೆಯ ಬಿಸಿಲಿನಲ್ಲಿ ಅರ್ಧ ನೆರಳಿರುವ ಜಾಗದಲ್ಲಿ ಬಿಡಬೇಕು. ಪಾರಾ 40 ಡಿಗ್ರಿ ದಾಟುವ ಮರಾಠವಾಡೆಯ ಬೇಸಿಗೆಯ ಮಧ್ಯಾಹ್ನದಲ್ಲಿ ಮಗುಚಿಬಿದ್ದ ಮರಿ ಬೇಗನೆ ಸಾಯುತ್ತದೆ. ಕಾಗೆ, ಇಲಿ, ಮುಂಗುಸಿಗಳ ಭಯವೂ ಇರುವುದರಿಂದ ಮೇಲೆ ಜಾಲರಿ ಬೇಕು.

ಮೇವು ಸುಲಭ, ಕೊಡುವುದು ಮಾತ್ರ ತಪ್ಪುತ್ತಿದೆ. ನೆಲಾಮೆಗೆ ಅನ್ನ, ರೊಟ್ಟಿ, ಹಾಲು, ಬಿಸ್ಕೀಟು ಯಾವುದೂ ಸಲ್ಲದು. ಗರಿಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆಯ ಎಲೆ, ನುಗ್ಗೆಸೊಪ್ಪು, ಮುಳ್ಳು ತೆಗೆದ ಪಾಪಸುಕಳ್ಳಿಯ ಎಳೆಯ ಹಾಳೆ ಇವು ಊರಲ್ಲಿಯೇ ದೊರೆಯುತ್ತವೆ. ಇವನ್ನು ಬದಲಿಸುತ್ತ ಸಣ್ಣಗೆ ಹರಿದು ಕೊಡಬೇಕು. ಪಾಲಕ್ ಸೊಪ್ಪು ಒಳ್ಳೆಯದೆಂಬ ಭಾವನೆಯಿದ್ದರೂ ಅದರ ಆಕ್ಸಲೇಟು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ, ದಿನನಿತ್ಯ ಬೇಡ. ಸಿಹಿ ಹಣ್ಣು ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಔಷಧಿ ಸಿಂಪಡಿಸಿದ ತೊಗರಿ, ಸೋಯಾಬೀನ್ ಹೊಲದ ಬದುವಿನ ಹುಲ್ಲನ್ನು ತರಬಾರದು. ನೀರಿಗೆ ಮಣ್ಣಿನ ತಟ್ಟೆ ಸಾಕು; ಮರಿಯ ಗದ್ದಕ್ಕಿಂತ ನೀರು ಮೇಲೇರಬಾರದು. ಅಷ್ಟೇ ಆಳದ ಉಗುರು ಬೆಚ್ಚಗಿನ ನೀರಿನಲ್ಲಿ ವಾರಕ್ಕೆರಡು ಮೂರು ಸಲ ಹದಿನೈದು ನಿಮಿಷ ನಿಲ್ಲಿಸಿದರೆ ಅದು ನೀರು ಕುಡಿಯುತ್ತದೆ, ಮಲವಿಸರ್ಜನೆಯನ್ನೂ ಮಾಡುತ್ತದೆ.

ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮಕ್ಕಳಿಗೆ ಈ ರೋಗ ಹರಡಿದ್ದರಿಂದಲೇ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಲಾಯಿತು.

ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಈಜುವ, ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ ಹಸಿರು ಮರಿಯು ಅಮೆರಿಕ ಮೂಲದ ನೀರಾಮೆ. ಅದಕ್ಕೆ ಈಜುವಷ್ಟು ಶುದ್ಧ ನೀರು ಮತ್ತು ಹತ್ತಿ ಒಣಗಲು ಕಲ್ಲು ಬೇಕು. ಸಾಕಿ ಬೇಸತ್ತವರು ಅದನ್ನು ಪುಣ್ಯದ ಕೆಲಸವೆಂದು ಊರ ಕೆರೆಗೆ ಬಿಡುವುದುಂಟು. ಆಗ ಅದು ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ.

ವಿದ್ಯಾರ್ಥಿಯು ದೇಶೀ ಆಮೆಯ ಮರಿಯನ್ನು ತಂದಾಗ ಅವನನ್ನು ಗದರಿಸಿದರೆ ಮುಂದಿನ ಮರಿ ಚೀಲದಲ್ಲಿಯೇ ಉಳಿಯುತ್ತದೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಂದೇ ತಿಳಿಸುವುದು ಶಿಕ್ಷಕರ ಕೆಲಸ. ಮರಿ ಸಿಕ್ಕಿದ ಸ್ಥಳದ ಮಾಹಿತಿ ಎಲ್ಲಕ್ಕಿಂತ ಮುಖ್ಯವಾದುದು. 2018ರ ನವೆಂಬರಿನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು; ಹೀಗೆ ಕೈಯಿಂದ ಕೈಗೆ ದಾಟಿದ ಪ್ರಾಣಿಯ ಹುಟ್ಟುನೆಲೆಯನ್ನು ಗುರುತಿಸುವುದು ಕಷ್ಟ. ಯಾವ ಊರು, ಯಾರ ಹೊಲದ ಬಳಿ, ಯಾವ ಹಳ್ಳ, ಯಾವ ದಿನ ಎಂಬುದನ್ನು ಆ ವಿದ್ಯಾರ್ಥಿಯಿಂದಲೇ ಕನ್ನಡದಲ್ಲಿ ಬರೆಯಿಸಿ, ಅದರ ಮರಾಠಿ ಪ್ರತಿಯನ್ನೂ ಸಿದ್ಧಪಡಿಸಿ, ಮರಿಯ ಜೊತೆಯಲ್ಲಿ ಕಳುಹಿಸಬೇಕು.