ದೊಡ್ಡವಾಗಲು ಮರೆತ ರಕ್ತಕಣಗಳು

ಮೂರು ವರ್ಷಗಳ ಹಿಂದೆ ನಮ್ಮ ಮನೆಯಾಕೆಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋದರು. ಒಬ್ಬರದು ಪಪ್ಪಾಯಿ ಎಲೆಯ ರಸ, ಇನ್ನೊಬ್ಬರದು ಗೋಧಿ ಹುಲ್ಲಿನ ರಸ. ಅಮೆರಿಕದಲ್ಲಿರುವ ಅಕ್ಕನ ಮಗ ಮೂರು ದೊಡ್ಡ ಡಬ್ಬಿ ವಿಟಮಿನ್ ಮಾತ್ರೆಗಳನ್ನೇ ಕಳಿಸಿದ. "ಮಾವ, ವಿಟಮಿನ್ ಕ್ಯಾನ್ಸರ್ ಕೋಶಗಳನ್ನು ಬೆಳೆಯಲು ಬಿಡುವುದಿಲ್ಲವಂತೆ. ಅತ್ತೆಗೆ ದಿನಾ ಕೊಡಿ" ಎಂದ.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಹಿ ತಾಳೆಯಾಗದ ಒಂದು ಚೆಕ್ಕನ್ನೂ ಪಾಸು ಮಾಡಿದವನಲ್ಲ. ಈ ಡಬ್ಬಿಗಳನ್ನು ಮಾತ್ರ ಡಾಕ್ಟರನ್ನು ಕೇಳದೆಯೇ ಪಾಸು ಮಾಡಿಬಿಟ್ಟೆ. ಕೇಳಿದರೆ ಬೇಡ ಅಂದಾರು ಎಂಬ ಹೆದರಿಕೆ.

ಗುಟ್ಟು ರಟ್ಟು ಮಾಡಿದವಳು ಏಳನೇ ತರಗತಿಯ ಮೊಮ್ಮಗಳು. ಒಂದು ಶನಿವಾರ ನಮ್ಮ ಜೊತೆ ಆಸ್ಪತ್ರೆಗೆ ಬಂದಿದ್ದಳು. ಡಾಕ್ಟರು "ಬೇರೆ ಮಾತ್ರೆ ಏನಾದರೂ ತಗೊಳ್ತಾ ಇದ್ದೀರಾ ಅಮ್ಮಾ?" ಎಂದರು. ಅಜ್ಜಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಮೊಮ್ಮಗಳು, "ಹೂಂ ಡಾಕ್ಟರ್, ಇಷ್ಟು ದಪ್ಪದ ಹಳದಿ ಮಾತ್ರೆ. ಅಜ್ಜ ಕೊಡ್ತಾರೆ" ಎಂದುಬಿಟ್ಟಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಚಿಕಿತ್ಸೆ ನಡೆಯುವಾಗ ವಿಟಮಿನ್ ಹೆಚ್ಚಾದರೆ ನಮ್ಮ ಔಷಧದ ಕೆಲಸಕ್ಕೇ ಅಡ್ಡ ಬರಬಹುದು. ಇವತ್ತೇ ನಿಲ್ಲಿಸಿ" ಎಂದಷ್ಟೇ ಹೇಳಿದರು. ಮೊಮ್ಮಗಳು ಬಿಡಬೇಕಲ್ಲ! "ಹಾಗಾದರೆ ವಿಟಮಿನ್‌ನಿಂದ ಕ್ಯಾನ್ಸರ್ ನಿಲ್ಲೋದು ಸುಳ್ಳಾ?" ಎಂದಳು. "ಒಂದು ಕಡೆ ನಿಜ" ಎಂದು ಅವರು ಶಾಂಘೈನ ಕಥೆ ಶುರು ಮಾಡಿದರು. ಉಳಿದದ್ದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ.

ಮಕ್ಕಳೇ, ನಮ್ಮ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಬಿಳಿ ರಕ್ತಕಣ ಮೊದಲು ಮಗುವಾಗಿದ್ದು, ಹಂತ ಹಂತವಾಗಿ ದೊಡ್ಡದಾಗಿ, ತನ್ನ ಕೆಲಸ ಮಾಡಿ ಸಾಯುತ್ತದೆ. ಪ್ರೋಮೈಲೋಸೈಟಿಕ್ ಲ್ಯುಕೇಮಿಯ ಎಂಬ ರಕ್ತ ಕ್ಯಾನ್ಸರಿನಲ್ಲಿ ಈ ಕಣಗಳು ನಡುವೆ ಒಂದು ಹಂತದಲ್ಲೇ ನಿಂತುಬಿಡುತ್ತವೆ. ಎಲ್ಲರೂ ಐದನೇ ತರಗತಿಯಲ್ಲೇ ಕೂತುಬಿಟ್ಟು, ಹೊಸಬರು ಬರುತ್ತಲೇ ಇದ್ದರೆ ಶಾಲೆಯ ಗತಿ ಏನು? ಬೆಂಚೆಲ್ಲ ಅವರದೇ. ಕೆಂಪು ಕಣಗಳಿಗೂ, ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಜಾಗವೇ ಇಲ್ಲ. ಒಳಗೊಳಗೇ ರಕ್ತ ಸೋರಿ ರೋಗಿಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದುದೂ ಉಂಟು.

ಇದಕ್ಕೆ ಕಾರಣ 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದು. ಆಗ ವಿಟಮಿನ್ ಎ ವಂಶದ ರೆಟಿನಾಯಿಕ್ ಆಮ್ಲ ಎಂಬ ಕೀಲಿಕೈಯಿಂದ ತೆರೆಯಬೇಕಾದ ಬೀಗ ಕೆಡುತ್ತದೆ. 'ದೊಡ್ಡವನಾಗು' ಎಂಬ ಅಪ್ಪಣೆ ಕಣಕ್ಕೆ ಮುಟ್ಟುವುದಿಲ್ಲ.

ಶಾಂಘೈನ ವೈದ್ಯ ವಾಂಗ್ ಝೆನ್ಯಿ 1985ರಲ್ಲಿ, ಬದುಕುವ ಆಸೆ ಕಡಿಮೆಯಿದ್ದ ಐದು ವರ್ಷದ ಒಬ್ಬ ಹುಡುಗಿಗೆ ಈ ಆಮ್ಲವನ್ನೇ ಔಷಧವಾಗಿ ಕೊಡಿಸಿದರು. ಹೆಚ್ಚು ಪ್ರಮಾಣದಲ್ಲಿ ಹೋದ ಕೀಲಿಕೈ ಕೆಟ್ಟ ಬೀಗವನ್ನೂ ತೆರೆಯಿತು. ಕ್ಯಾನ್ಸರ್ ಕಣಗಳು ದೊಡ್ಡವಾಗಿ, ತಮ್ಮ ಆಯಸ್ಸು ಮುಗಿಸಿ ಹೋದವು. ಹುಡುಗಿ ಉಳಿದಳು. 1988ರಲ್ಲಿ ವಾಂಗ್ ತಂಡ 24 ರೋಗಿಗಳ ವರದಿ ಪ್ರಕಟಿಸಿತು. ಎಲ್ಲರಲ್ಲೂ ರೋಗ ಹಿಂದೆ ಸರಿದಿತ್ತು. ಒಬ್ಬರಿಗೆ ಮಾತ್ರ ಬೇರೆ ಔಷಧವೂ ಬೇಕಾಯಿತು. ಅನೇಕರಲ್ಲಿ ರೋಗ ಮರಳಿ ಬಂದದ್ದರಿಂದ ಈಗ ಇದರ ಜೊತೆ ಕೀಮೋ ಅಥವಾ ಆರ್ಸೆನಿಕ್ ಕೊಡುತ್ತಾರೆ. ಹೌದು, ವಿಷವೆಂದು ಹೆಸರಾದ ಅದೇ ಪಾಷಾಣ! ಬಹುಪಾಲು ರೋಗಿಗಳು ಗುಣವಾಗುತ್ತಿದ್ದಾರೆ.

ಆದರೆ ಲೆಕ್ಕ ನೋಡಿ. ನಮಗೆ ದಿನಕ್ಕೆ ಬೇಕಾದ ವಿಟಮಿನ್ ಎ ಸುಮಾರು ಒಂದು ಮಿಲಿಗ್ರಾಂ. ಆ ಔಷಧವನ್ನು ದೇಹದ ಮೈಹರವಿನ ಒಂದು ಚದರ ಮೀಟರಿಗೆ 45 ಮಿಲಿಗ್ರಾಂನಂತೆ ಕೊಡುತ್ತಾರೆ. ಜ್ವರ, ಉಸಿರಾಟದ ತೊಂದರೆ ಬರಬಹುದೆಂದು ಆಸ್ಪತ್ರೆಯಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಬೀಗ ಕೆಟ್ಟಿರುವುದು ಆ ಒಂದು ಬಗೆಯ ಕ್ಯಾನ್ಸರಿನಲ್ಲಿ. ನನ್ನವಳದು ಬೇರೆಯೇ.

ಇನ್ನೊಂದು ಸಂಗತಿ ಓದಿ ನಾನು ತಣ್ಣಗಾದೆ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡದ್ದರಿಂದ, ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ನಡೆಸಿದರು. ಅರ್ಧದಷ್ಟು ಜನರಿಗೆ ದಿನವೂ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ. ಕ್ಯಾರೆಟ್ಟಿಗೆ ಬಣ್ಣ ಕೊಡುವುದು, ದೇಹದಲ್ಲಿ ವಿಟಮಿನ್ ಎ ಆಗುವುದು ಅದೇ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18 ಹೆಚ್ಚಾಗಿತ್ತು!

ಹಾಗೆಂದು ಕ್ಯಾರೆಟ್ ಬಿಡಬೇಡಿ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ನಿಮ್ಮ ಬಾಯಿಗೂ ವಿಟಮಿನ್ ಎ ಹನಿ ಬಿದ್ದಿರುತ್ತದೆ. ಕಣ್ಣಿಗೆ ಅದು ಬೇಕೇ ಬೇಕು.

ನಮ್ಮಾಕೆಯ ಚಿಕಿತ್ಸೆ ಮುಗಿದಿದೆ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇವೆ. ಕಳೆದ ಸಲ ಹೊರಡುವಾಗ ಮೊಮ್ಮಗಳು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ನನ್ನ ಕೈಗಿತ್ತಳು. ಹುಡುಕಿದರೆ ಅದರಲ್ಲಿ ನನ್ನ ಮಂಡಿನೋವಿನ ಮಾತ್ರೆಯೂ ಇತ್ತು. "ಅದನ್ನೂ ತೋರಿಸಿ ಅಜ್ಜ" ಎಂದಳು.