ಅನ್ನ, ರೊಟ್ಟಿ ಮತ್ತು ನಿಂತ ನೀರು

ನಾವು ಉಣ್ಣುವ ಅನ್ನಕ್ಕೂ ಭೂಮಿಯ ತಾಪ ಏರುವುದಕ್ಕೂ ಸಂಬಂಧವಿದೆ. 2018ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಕಲೆಹಾಕಿತು. ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಕಾಲುಭಾಗ ಆಹಾರಕ್ಕೆ ಸೇರಿದ್ದೆಂದು ಅದು ತೋರಿಸಿತು. ಅದರ ಜಾಗತಿಕ ಸರಾಸರಿಯಂತೆ, ಒಂದು ಕಿಲೋ ಅಕ್ಕಿಯ ಹಿಂದೆ ನಾಲ್ಕು ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲವಿದೆ. ಗೋಧಿಯ ಹಿಂದೆ ಇರುವುದು ಸುಮಾರು ಒಂದೂವರೆ ಕಿಲೋ ಮಾತ್ರ.

ಎರಡೂ ಧಾನ್ಯಗಳೇ ಆಗಿರುವಾಗ ಈ ಅಂತರವೇಕೆ? ಲಾರಿ ಸಾಗಣೆ ಕಾರಣವೆಂದು ಹಲವರು ಭಾವಿಸುತ್ತಾರೆ; ಅದರ ಪಾಲು ಅಲ್ಪ. ಮುಖ್ಯ ಕಾರಣ ಗದ್ದೆಯಲ್ಲಿ ನಿಂತ ನೀರು. ನೀರು ಮುಚ್ಚಿದ ಮಣ್ಣಿಗೆ ಗಾಳಿ ಸೇರುವುದಿಲ್ಲ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಕಸಕಡ್ಡಿಯಿಂದ ಮೀಥೇನ್ ಉತ್ಪಾದಿಸುತ್ತವೆ. ಅದು ಬಹುಪಾಲು ಭತ್ತದ ಗಿಡದೊಳಗಿನ ಟೊಳ್ಳು ಹಾದಿಯಿಂದಲೇ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ತಾಪಕಾರಿ.

ವಿಜಯಪುರದ ಎರೆಭೂಮಿಯ ಹಿಂಗಾರಿ ಜೋಳ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತದೆ. ನೀರು ನಿಲ್ಲದ ಹೊಲದಲ್ಲಿ ಈ ಮೀಥೇನ್ ಹುಟ್ಟದು. ಹಾಗೆಂದು ಜೋಳವೂ ಪೂರ್ಣ ನಿರ್ದೋಷಿಯಲ್ಲ. ಯೂರಿಯಾ ಅತಿಯಾದರೆ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದರ ತಾಪಶಕ್ತಿ ಮೀಥೇನ್‌ಗಿಂತಲೂ ಹೆಚ್ಚು. ಆದುದರಿಂದ ಬೆಳೆಯಷ್ಟೇ ಬೆಳೆಯುವ ಕ್ರಮವೂ ಮುಖ್ಯ.

ಭತ್ತಕ್ಕೂ ಉತ್ತಮ ಕ್ರಮವಿದೆ. ಗದ್ದೆಯಲ್ಲಿ ರಂಧ್ರಗಳುಳ್ಳ ಕೊಳವೆಯೊಂದನ್ನು ಹುಗಿದು, ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸುವುದು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಲ್ಲಿಸುವುದು. ಸರಿಯಾಗಿ ಪಾಲಿಸಿದಲ್ಲಿ ಮೀಥೇನ್ ಅರ್ಧದಷ್ಟು ಇಳಿಯಬಹುದು. ಇಳುವರಿಗೆ ಧಕ್ಕೆಯಾಗದೆ ನೀರೂ ಉಳಿಯುತ್ತದೆ.

ಆದರೆ ಗದ್ದೆ ಒಣಗಲು ಬಿಡುವ ಧೈರ್ಯ ರೈತನಿಗೆ ಬರಬೇಕಾದರೆ ಮುಂದಿನ ಸರದಿಯ ನೀರು ಖಚಿತವಾಗಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ನೀರಿನ ಕೊರತೆ ಹೊಸದಲ್ಲ. ನಾಳೆ ನೀರು ಬಾರದೆಂಬ ಭಯವಿದ್ದವನು ಇಂದೇ ಗದ್ದೆ ತುಂಬಿಸಿಕೊಳ್ಳುತ್ತಾನೆ. ಅವನನ್ನು ದೂಷಿಸುವುದು ನ್ಯಾಯವಲ್ಲ. ಕಾಲುವೆಯ ನೀರು ಹೊತ್ತಿಗೆ ಸರಿಯಾಗಿ, ಸಮನಾಗಿ ಹರಿಯುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ.

ಉಣ್ಣುವವರ ಹೊಣೆಯೂ ಇದೆ. ವಾರದಲ್ಲಿ ಕೆಲವು ಹೊತ್ತಾದರೂ ಅನ್ನದ ಬದಲು ಜೋಳದ ರೊಟ್ಟಿ, ರಾಗಿ ಮುದ್ದೆ ಉಣ್ಣಬಹುದು. ಬಡಿಸಿಕೊಂಡಷ್ಟನ್ನೂ ಉಂಡೇಳುವುದಂತೂ ಎಲ್ಲರಿಗೂ ಸಾಧ್ಯ. ಎಲೆಯಲ್ಲಿ ಬಿಟ್ಟ ಅನ್ನಕ್ಕಾಗಿಯೂ ಎಲ್ಲೋ ಒಂದು ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿತ್ತು.